ಎಲ್ಲೆಯಿಲ್ಲದ ಹಲಗೆ

ಮನುಷ್ಯನ ಬರವಣಿಗೆ ಸಾಲಿನಲ್ಲಿ ನಡೆಯುತ್ತದೆ. ಅವನ ಮನಸ್ಸು ಹಾಗೆ ನಡೆಯುವುದಿಲ್ಲ. ಮದುವೆಯ ಖರ್ಚನ್ನು ಎಣಿಸುತ್ತ ಕುಳಿತ ಗೃಹಸ್ಥನ ಮನಸ್ಸು ಅಕ್ಕಿಯಿಂದ ಬೀಗರಿಗೆ, ಬೀಗರಿಂದ ಛತ್ರಕ್ಕೆ, ಛತ್ರದಿಂದ ಹತ್ತು ವರ್ಷಗಳ ಹಿಂದೆ ಮಾತು ಬಿಟ್ಟ ತಂಗಿಯ ಮನೆಗೆ ಒಂದೇ ಕ್ಷಣದಲ್ಲಿ ಹಾರಿಬಿಡುತ್ತದೆ. ಅವನ ಕೈಯಲ್ಲಿರುವ ಲೆಕ್ಕದ ಪುಸ್ತಕವಾದರೋ ಅಂತಹ ಹಾರಾಟಕ್ಕೆ ಎಡೆಗೊಡುವುದಿಲ್ಲ. ಒಂದರ ಕೆಳಗೆ ಒಂದು, ಅದರ ಕೆಳಗೆ ಮತ್ತೊಂದು. ಪುಸ್ತಕಕ್ಕೆ ತಿಳಿದಿರುವ ನಡೆ ಇದೊಂದೇ.

ಚಾಮರಾಜನಗರದ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಆ ಮನೆಯ ಹಿರಿಯ ಮಗಳ ಮದುವೆ ಗೊತ್ತಾಗಿದೆ. ಲಗ್ನಪತ್ರಿಕೆಗಳು ಅಚ್ಚಾಗಿ ಬಂದಿವೆ. ಇನ್ನೂರು ಹೆಸರುಗಳನ್ನು ನೆನಪಾದ ಕ್ರಮದಲ್ಲಿಯೇ ಪುಸ್ತಕದಲ್ಲಿ ಬರೆದುಕೊಂಡು ಹಂಚಲು ಹೊರಟ ತಂದೆ ಒಂದು ವಾರದಲ್ಲಿ ಎರಡು ಬಾರಿ ನಂಜನಗೂಡಿಗೆ ಹೋಗಿ ಬಂದರು; ಮೂರನೆಯ ಬಾರಿಗೆ ಚೀಲ ಹಿಡಿದು ಸಿದ್ಧರಾದರು. ಕಾಲೇಜಿನಲ್ಲಿ ಓದುವ ಕಿರಿಯ ಮಗಳು ಬಾಗಿಲಲ್ಲಿಯೇ ತಡೆದಳು.

“ಅಪ್ಪಾ, ಆ ಪುಸ್ತಕ ಇಲ್ಲಿ ಕೊಡಿ. ನಂಜನಗೂಡಿನಲ್ಲಿ ಇನ್ನೂ ಎಷ್ಟು ಮನೆ ಉಳಿದಿವೆ?”

“ಪುಸ್ತಕ ಪೂರ್ತಿ ನೋಡದೆ ಹೇಗಮ್ಮ ಹೇಳಲಿ? ಅಲ್ಲೊಂದು ಇಲ್ಲೊಂದು ಇವೆ.”

“ಅಲ್ಲೊಂದು ಇಲ್ಲೊಂದು ಇರುವುದು ಮನೆಗಳಲ್ಲ ಅಪ್ಪಾ, ನಿಮ್ಮ ಪಟ್ಟಿ!”

ಅವಳು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಚೀಟಿ ಮಾಡಿದಳು; ಒಂದೊಂದು ಚೀಟಿಗೆ ಒಂದೊಂದು ಮನೆ. ನಡುಮನೆಯ ನೆಲದ ಮೇಲೆ ಅವುಗಳನ್ನು ಊರಿನ ಪ್ರಕಾರ ಹರಡುತ್ತ ಹೋದಳು. ಮೂಡಲಲ್ಲಿ ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲದ ಸಾಲು. ಪಡುವಲಲ್ಲಿ ತೆರಕಣಾಂಬಿ, ಗುಂಡ್ಲುಪೇಟೆಯ ಸಾಲು. ಬಡಗಲಿಗೆ ನಂಜನಗೂಡು, ಮೈಸೂರು. ಅರ್ಧ ಗಂಟೆಯೊಳಗೆ ಮೂರು ದಿನದ ಪ್ರಯಾಣ ಕಣ್ಣೆದುರಿಗೆ ಬಿದ್ದಿತ್ತು. ತಂದೆಗೆ ಸಂತೋಷವಾಯಿತು. ಕಾಫಿಯ ಲೋಟ ಹಿಡಿದು ಬಂದ ತಾಯಿ ಮಾತ್ರ ನೆಲವನ್ನು ಬಹಳ ಹೊತ್ತು ನೋಡಿ, ಒಂದು ಜಾಗವನ್ನು ಕಾಲ್ಬೆರಳಿನಿಂದ ತೋರಿಸಿ ಕೇಳಿದರು: “ತೆರಕಣಾಂಬಿ ದಾರಿಯಲ್ಲಿ ಒಂದೇ ಒಂದು ಚೀಟಿಯೂ ಇಲ್ಲವಲ್ಲ. ನಿಮ್ಮ ತಂಗಿಯ ಮನೆ ಎಲ್ಲಿ?”

ಯಾರೂ ಮಾತನಾಡಲಿಲ್ಲ. ಪುಸ್ತಕದಲ್ಲಿ ಇನ್ನೂರು ಹೆಸರುಗಳು ತುಂಬಿ ನಿಂತಿದ್ದಾಗ ಆ ಒಂದು ಹೆಸರಿಲ್ಲವೆಂಬುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಟ್ಟಿಯಲ್ಲಿ ಖಾಲಿ ಜಾಗವೆಂಬುದೇ ಇರುವುದಿಲ್ಲ. ಒಂದು ಹೆಸರು ಬಿಟ್ಟುಹೋದರೆ ಮುಂದಿನ ಹೆಸರು ಬಂದು ಆ ಜಾಗವನ್ನು ಮುಚ್ಚಿಬಿಡುತ್ತದೆ. ನೆಲದ ಮೇಲೆ ಹಾಗಾಗುವುದಿಲ್ಲ. ಅಲ್ಲಿ ಇಲ್ಲದಿರುವುದೂ ಕಾಣಿಸುತ್ತದೆ.

ಗಾಜಿನೊಳಗಿನ ನೆಲ

ಆ ಹುಡುಗಿ ನೆಲದ ಮೇಲೆ ಮಾಡಿದ ಕೆಲಸವನ್ನೇ ಗಾಜಿನ ಪರದೆಯ ಮೇಲೆ ಮಾಡಿಸುವ ಆ್ಯಪ್‌ಗಳು ಈಚಿನ ವರ್ಷಗಳಲ್ಲಿ ಹಲವು ಬಂದಿವೆ. ಚಿತ್ರಗಾರನು ಬಣ್ಣ ಹಚ್ಚುವ ಬಟ್ಟೆಯ ಹೆಸರಾದ ‘ಕ್ಯಾನ್ವಾಸ್’ ಎಂಬುದೇ ಇವುಗಳಿಗೆ ನಿಂತಿದೆ. ಕನ್ನಡದಲ್ಲಿ ಹಲಗೆ ಎಂದರೆ ಅರ್ಥಕ್ಕೆ ಕೊರತೆಯಾಗದು.

ಈ ಹಲಗೆಯ ರೀತಿ ಸುಲಭವಾದದ್ದು. ಕಂಪ್ಯೂಟರಿನಲ್ಲಾಗಲಿ ಟ್ಯಾಬ್ಲೆಟ್‌ನಲ್ಲಾಗಲಿ ತೆರೆದರೆ ಬರಿಯ ಬಯಲೊಂದು ಕಾಣಿಸುತ್ತದೆ. ಬೇಕಾದಲ್ಲಿ ಒತ್ತಿದರೆ ಅಲ್ಲೊಂದು ಚೀಟಿ ಹುಟ್ಟುತ್ತದೆ. ಅದರಲ್ಲಿ ಒಂದು ಮಾತನ್ನು ಬರೆಯಬಹುದು. ಚೀಟಿಯನ್ನು ಬೆರಳಿನಿಂದ ಎಳೆದು ಬೇರೆಡೆಗೆ ಒಯ್ಯಬಹುದು, ಎರಡು ಚೀಟಿಗಳ ನಡುವೆ ಬಾಣದ ಗೆರೆ ಹಾಕಬಹುದು, ಪಕ್ಕದಲ್ಲಿ ಒಂದು ಫೋಟೋವನ್ನೋ ಪುಸ್ತಕದ ಪುಟವನ್ನೋ ಇಡಬಹುದು. ಎರಡು ಬೆರಳುಗಳನ್ನು ಹತ್ತಿರಕ್ಕೆ ತಂದರೆ ಹಲಗೆಯೆಲ್ಲ ದೂರ ಸರಿದು ಬೆಟ್ಟದ ಮೇಲಿನಿಂದ ಊರನ್ನು ನೋಡಿದಂತಾಗುತ್ತದೆ. ಬೆರಳುಗಳನ್ನು ಅಗಲಿಸಿದರೆ ಒಂದೇ ಬೀದಿಯ ಒಂದೇ ಮನೆಯ ಹೊಸಿಲಿಗೆ ಬಂದು ನಿಂತಂತಾಗುತ್ತದೆ. ಎಷ್ಟು ದೂರ ಸರಿದರೂ ಹಲಗೆಗೆ ಕೊನೆಯಿಲ್ಲ.

ಇದರ ಮೂಲ ಹಳೆಯದು. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ನೇರವಾಗಿ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ಎಂಬ ಏರ್ಪಾಡನ್ನು ಅಮೆರಿಕದ ಐವಾನ್ ಸದರ್ಲೆಂಡ್ ಅವರು 1963ರಲ್ಲಿಯೇ ತಮ್ಮ ಸಂಶೋಧನಾ ಪ್ರಬಂಧದಲ್ಲಿ ವಿವರಿಸಿದ್ದರು. ಕೊನೆಯಿಲ್ಲದ ಬಯಲು, ಹತ್ತಿರ ಹೋದಂತೆ ವಿವರ ತೆರೆದುಕೊಳ್ಳುವ ನೋಟ—ಈ ಎರಡನ್ನೂ ಕೂಡಿಸಿ ‘ಪ್ಯಾಡ್’ ಎಂಬ ಹೆಸರಿನಿಂದ ಕೆನ್ ಪರ್ಲಿನ್ ಮತ್ತು ಡೇವಿಡ್ ಫಾಕ್ಸ್ ಅವರು 1993ರಲ್ಲಿ ಪ್ರಕಟಿಸಿದರು. ಕಚೇರಿಗಳಲ್ಲಿ ಹಲವರು ಕೂಡಿ ಬಳಸುವ ಮೀರೋ 2011ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಗಿ 2019ರಲ್ಲಿ ಈಗಿನ ಹೆಸರನ್ನು ಪಡೆಯಿತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ಕೈಯಲ್ಲಿ ಗೀಚಿದಂತೆ ಗೆರೆ ಮೂಡಿಸುವ ಎಕ್ಸ್‌ಕ್ಯಾಲಿಡ್ರಾ 2020ರಲ್ಲಿ ಬಂದಿತು. ಆಪಲ್ ಸಂಸ್ಥೆಯ ಫ್ರೀಫಾರ್ಮ್ ಮತ್ತು ಟಿಪ್ಪಣಿ ಬರೆಯುವವರಿಗೆ ಪ್ರಿಯವಾದ ಅಬ್ಸಿಡಿಯನ್‌ನ ಕ್ಯಾನ್ವಾಸ್ ಇವೆರಡೂ 2022ರ ಡಿಸೆಂಬರ್ ತಿಂಗಳೊಂದರಲ್ಲಿಯೇ ಹೊರಬಂದವು.

ಗಾಜಿಗಿಂತ ಮೊದಲು ಕಾಗದದ ಚೀಟಿಯನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರು ಜಪಾನಿನ ಜಿರೋ ಕವಾಕಿತಾ. ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಜನಜೀವನವನ್ನು ಅಭ್ಯಸಿಸಿದ ಈ ವಿದ್ವಾಂಸರು ತಾವು ಕಂಡುಕೇಳಿದ ಒಂದೊಂದು ಸಂಗತಿಯನ್ನೂ ಒಂದೊಂದು ಚೀಟಿಗೆ ಇಳಿಸಿ, ಎಲ್ಲವನ್ನೂ ಹರಡಿ, ಒಂದಕ್ಕೊಂದು ನಂಟಿರುವ ಚೀಟಿಗಳನ್ನು ಹತ್ತಿರ ಸರಿಸುತ್ತ ಹೋಗುತ್ತಿದ್ದರು. ಮೊದಲೇ ತಲೆಬರಹ ಹಾಕಿಕೊಂಡು ಅದರ ಕೆಳಗೆ ಸಂಗತಿಗಳನ್ನು ತುಂಬಬಾರದು. ಚೀಟಿಗಳು ಗುಂಪಾದ ಮೇಲೆಯೇ ಗುಂಪಿಗೆ ಹೆಸರಿಡಬೇಕು ಎಂಬುದು ಅವರ ನಿಯಮ. 1967ರಲ್ಲಿ ಅವರು ಪುಸ್ತಕರೂಪದಲ್ಲಿ ತಂದ ಈ ಕ್ರಮ ಅವರ ಹೆಸರಿನ ಮೊದಲಕ್ಷರಗಳಿಂದ ‘ಕೆ.ಜೆ. ಪದ್ಧತಿ’ ಎಂದು ಲೋಕದಲ್ಲೆಲ್ಲ ಪ್ರಸಿದ್ಧವಾಗಿದೆ.

ಹರಡಿದರೆ ಮನಸ್ಸಿಗೆ ಏಕೆ ಅನುಕೂಲವೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ಅಡಿಗೆಮನೆಯೇ ಸಾಕು. ಕಪಾಟಿನಲ್ಲಿ ಏನೇನಿದೆಯೆಂದು ಕೇಳಿದರೆ ಮನೆಯಾಕೆ ನಾಲ್ಕು ಹೆಸರು ಹೇಳಿ ತಡವರಿಸಿಯಾಳು. ಆದರೆ ದೀಪ ಆರಿದ ರಾತ್ರಿಯಲ್ಲಿ ಇಂಗಿನ ಡಬ್ಬಿಗೆ ಅವಳ ಕೈ ತಪ್ಪದೆ ಹೋಗುತ್ತದೆ. ಹೆಸರಿನ ನೆನಪಿಗಿಂತ ಎಡೆಯ ನೆನಪು ಬಲವಾದದ್ದು. ವಿಚಾರಕ್ಕೂ ಒಂದು ಎಡೆ ಕೊಟ್ಟರೆ ಅದು ನೆನಪಿನಲ್ಲಿ ನಿಲ್ಲುತ್ತದೆ. ಅದರ ನೆರೆಹೊರೆ ಯಾವುದೆಂಬುದೂ ತಿಳಿಯುತ್ತದೆ.

ಅರಸರ ತಾವರೆ

ಈ ಬಗೆಯ ಆಲೋಚನೆ ಕನ್ನಡ ನಾಡಿಗೆ ಹೊಸದಲ್ಲ, ಚಾಮರಾಜನಗರಕ್ಕಂತೂ ಅಲ್ಲವೇ ಅಲ್ಲ. ಅರಿಕುಠಾರವೆಂದಿದ್ದ ಈ ಊರಿಗೆ ಈಗಿನ ಹೆಸರನ್ನು ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಆ ನೆನಪಿಗಾಗಿ 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಇಂದಿಗೂ ಊರ ನಡುವೆ ಆ ಗುಡಿಯ ಗೋಪುರ ನಿಂತಿದೆ. ಜನನ ಮಂಟಪವೂ ಉಳಿದಿದೆ.

ಆಳುವ ಅಧಿಕಾರವನ್ನು 1831ರಲ್ಲಿ ಬ್ರಿಟಿಷರು ಕೈಗೆ ತೆಗೆದುಕೊಂಡ ಮೇಲೆ ಈ ಅರಸರು ತಮ್ಮ ಉಳಿದ ದೀರ್ಘಕಾಲವನ್ನು ವಿದ್ಯೆ, ಕಲೆ, ಆಟಗಳಲ್ಲಿ ಕಳೆದರು. ಅವರ ಆಸ್ಥಾನದ ಆ ಕಾಲದ ಕೆಲಸಗಳಲ್ಲಿ ಒಂದು ಲಕ್ಷಣ ಎದ್ದು ಕಾಣುತ್ತದೆ: ವಿಷಯವನ್ನು ಸಾಲಿನಲ್ಲಿ ಹೇಳಿ ಮುಗಿಸದೆ ಒಂದು ಆಕೃತಿಯಲ್ಲಿ ಹರಡಿ ತೋರಿಸುವುದು. ದೇವತೆಗಳ ರೂಪಗಳನ್ನು ಶ್ಲೋಕ ಮತ್ತು ಚಿತ್ರಗಳೆರಡರಲ್ಲಿಯೂ ಒಂಬತ್ತು ನಿಧಿಗಳಾಗಿ ವಿಂಗಡಿಸಿದ ಶ್ರೀತತ್ತ್ವನಿಧಿ ಅಂತಹ ಒಂದು ಕೆಲಸ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಕಾಣುವ ‘ಸಂತಾನಾಂಬುಜ’ ಇನ್ನೊಂದು. ಒಡೆಯರ ವಂಶಾವಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಪಟ್ಟಿ ಮಾಡುವ ಬದಲು ಅದು ವಂಶವನ್ನೇ ಅರಳಿದ ತಾವರೆಯನ್ನಾಗಿ ಮಾಡಿದೆ. ಅರಸರು ಎಸಳುಗಳಲ್ಲಿ ಕುಳಿತಿದ್ದಾರೆ. ನೋಡುವವನಿಗೆ ಯಾರ ಬಳಿಕ ಯಾರು ಎಂಬುದಕ್ಕಿಂತ ಮೊದಲು ಎಲ್ಲರೂ ಒಂದೇ ಹೂವಿನವರೆಂಬುದು ತಿಳಿಯುತ್ತದೆ. ಅಧಿಕಾರವಿಲ್ಲದ ಅರಸರಿಗೆ ಈ ಮಾತನ್ನು ಹೇಳುವ ಅಗತ್ಯವಿತ್ತು. ಅದನ್ನು ಹೂವಿನ ಆಕಾರ ಒಂದೂ ಮಾತಿಲ್ಲದೆ ಹೇಳಿತು.

ಚದುರಂಗದ ಹಾಸಿನ ಮೇಲೆ ಕುದುರೆಯನ್ನು ಅರುವತ್ತನಾಲ್ಕು ಮನೆಗಳಿಗೂ ಒಂದೊಂದೇ ಸಲ ಹಾಯಿಸುವ ಕಠಿಣವಾದ ನಡೆಗಳನ್ನೂ ಈ ಅರಸರು ರಚಿಸಿದರು. ಪದ್ಯದ ಅಕ್ಷರಗಳನ್ನು ತಾವರೆಯ ಎಸಳುಗಳಲ್ಲಿ, ಹಾವಿನ ಸುರುಳಿಗಳಲ್ಲಿ ಹುದುಗಿಸುವ ಚಿತ್ರಬಂಧಗಳು ಅದಕ್ಕೂ ಬಹಳ ಹಿಂದಿನಿಂದ ಕವಿಗಳಿಗೆ ಪರಿಚಿತವಾಗಿದ್ದವು. ಇವೆಲ್ಲವುಗಳಲ್ಲಿಯೂ ಒಂದು ಸಾಮಾನ್ಯ ಗುಣವುಂಟು. ಹಾಸಿಗೆ ಅರುವತ್ತನಾಲ್ಕೇ ಮನೆ, ಹೂವಿಗೆ ಇಷ್ಟೇ ಎಸಳು. ಮನೆಗಳು ಎಣಿಕೆಯಲ್ಲಿರುವುದರಿಂದಲೇ ಕುದುರೆ ಮುಟ್ಟದೆ ಬಿಟ್ಟ ಮನೆ ತಟ್ಟನೆ ಕಾಣಿಸುತ್ತದೆ. ಈ ಗುಣವನ್ನು ಮರೆತರೆ ಹೊಸ ಹಲಗೆಯ ಪ್ರಯೋಜನ ಅರ್ಧಕ್ಕರ್ಧ ಕಳೆದುಹೋಗುತ್ತದೆ.

ಕಾಡಿನ ಎಲ್ಲೆ

ಹರಡಿ ನೋಡುವ ವಿದ್ಯೆ ಮದುವೆಯ ಮನೆಗೂ ಅರಮನೆಯ ಗೋಡೆಗೂ ಮಾತ್ರ ಸಲ್ಲುವುದೆಂದು ಭಾವಿಸುವವರು ಚಾಮರಾಜನಗರದಿಂದ ಕೆಲವೇ ಹರದಾರಿಗಳ ದೂರದಲ್ಲಿರುವ ಬಿಳಿಗಿರಿರಂಗನ ಬೆಟ್ಟದ ಕಡೆಗೆ ನೋಡಬೇಕು. ಅಲ್ಲಿ ಅದು ಒಂದು ಜನಾಂಗದ ಬದುಕಿನ ಪ್ರಶ್ನೆಯೇ ಆಯಿತು.

ಬೆಟ್ಟದ ರಂಗನಾಥನನ್ನು ಭಾವನೆಂದು ಕರೆಯುವ ಸೋಲಿಗರು ಆ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದವರು. 1974ರಲ್ಲಿ ಕಾಡು ವನ್ಯಜೀವಿಧಾಮವಾಯಿತು. ಬೇಟೆ ನಿಂತಿತು, ಬೆಟ್ಟದ ಬೇಸಾಯ ನಿಂತಿತು, ಒಳಗಾಡಿನ ಎಷ್ಟೋ ಕುಟುಂಬಗಳು ಬೇರೆಡೆ ನೆಲೆಗೊಂಡವು. 2006ರ ಹೊತ್ತಿಗೆ ಜೇನು ಮತ್ತು ನೆಲ್ಲಿಕಾಯಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಂದಿತು. ಸರ್ಕಾರದ ನಕ್ಷೆಯಲ್ಲಿ ಕಾಡೆಂದರೆ ಹಸಿರು ಬಣ್ಣದ ಒಂದು ಹರವು; ಅದರಲ್ಲಿ ಗಸ್ತಿನ ದಾರಿಗಳು, ಕಾವಲು ಠಾಣೆಗಳು. ಉಳಿದದ್ದೆಲ್ಲ ಖಾಲಿ.

ಸೋಲಿಗರ ಮನಸ್ಸಿನ ನಕ್ಷೆಯಲ್ಲಿ ಆ ಖಾಲಿ ಜಾಗವೆಂಬುದೇ ಇರಲಿಲ್ಲ. ಅವರಲ್ಲಿ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ‘ಯೆಲ್ಲೆ’ ಇದೆ. ಗ್ರಂಥಭಾಷೆಯ ಎಲ್ಲೆ ಎಂಬ ಮಾತೇ ಅದು. ಒಂದು ಯೆಲ್ಲೆ ಪೂರ್ಣವಾಗಬೇಕಾದರೆ ಅದರೊಳಗೆ ಐದು ತಾಣಗಳಿರಬೇಕು: ದೇವರು, ಮಾರಮ್ಮ, ವೀರು ಎಂಬ ಶಕ್ತಿ, ಹಿರಿಯರು ಮಣ್ಣಾದ ಕಲ್ಲುಗುಡಿ, ನೀರಿನ ಅಬ್ಬಿ. ಯಾವ ಬಂಡೆ ಯಾರ ಮಾರಮ್ಮ, ಯಾವ ಹಳ್ಳ ಯಾರ ಅಬ್ಬಿ ಎಂಬುದು ಹಿರಿಯರ ನಾಲಗೆಯ ಮೇಲಿತ್ತು. ಆದರೆ ನಾಲಗೆಯ ಮೇಲಿರುವುದಕ್ಕೆ ಕಚೇರಿಯಲ್ಲಿ ಬೆಲೆ ಕಡಮೆ.

ಆಗ ಸೋಲಿಗರ ಸಂಘಟನೆಯೂ ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆಯವರೂ ಕೂಡಿ ಒಂದು ಕೆಲಸಕ್ಕೆ ಕೈಹಾಕಿದರು. ಹಿರಿಯರನ್ನು ಮುಂದಿಟ್ಟುಕೊಂಡು ಕಾಡಿನೊಳಗೆ ನಡೆದರು. ಹಿರಿಯರು ನಿಂತು ತೋರಿಸಿದ ಕಲ್ಲು, ಮರ, ಒರತೆಗಳ ನೆಲೆಯನ್ನು ಜಿ.ಪಿ.ಎಸ್. ಯಂತ್ರದಿಂದ ಗುರುತುಮಾಡಿಕೊಂಡರು, ನೂರಾರು ತಾಣಗಳು ಒಂದು ಹಾಳೆಯ ಮೇಲೆ ತಮ್ಮ ತಮ್ಮ ಎಡೆಯಲ್ಲಿ ಕುಳಿತವು. ಹಸಿರು ಬಣ್ಣದ ಖಾಲಿ ಹರವು ಮನೆ, ಮಸಣ, ಗುಡಿಗಳಿಂದ ತುಂಬಿದ ಊರಾಗಿ ಕಾಣಿಸಿತು. ಈ ಕೆಲಸದ ವಿವರ 2010ರಲ್ಲಿ ಪ್ರಕಟವಾಯಿತು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರಗಳು ದೊರೆತವು. ಹುಲಿಗಳ ಕಾಡೊಂದರಲ್ಲಿ ಇಂತಹ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ಅದಕ್ಕೆ ನಕ್ಷೆಯೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಸಭೆ ಸೇರಿದವರು, ಅರ್ಜಿ ಬರೆದವರು, ಕಚೇರಿಯಿಂದ ಕಚೇರಿಗೆ ಅಲೆದವರು ಅನೇಕರು. ಆದರೂ ಕಂಡದ್ದನ್ನು ಇಲ್ಲವೆನ್ನುವುದು ಕೇಳಿದ್ದನ್ನು ಇಲ್ಲವೆನ್ನುವಷ್ಟು ಸುಲಭವಲ್ಲ.

ಹಾಗೆ ಹರಡಿಟ್ಟ ತಿಳಿವಳಿಕೆಯಿಂದ ಮತ್ತೊಂದು ಲಾಭವೂ ಉಂಟು. ಕಾಡಿನಲ್ಲಿ ಲಂಟಾನ ಏಕೆ ಹಬ್ಬಿತೆಂದು ಕೇಳಿದರೆ ಸೋಲಿಗ ಹಿರಿಯರು ಒಂದು ಸರಪಳಿಯನ್ನೇ ಬಿಡಿಸಿಡುತ್ತಾರೆ. ಹಿಂದೆ ಒಣಗಿದ ಎಲೆಗೆ ಹೊತ್ತು ನೋಡಿ ಸಣ್ಣದಾಗಿ ಹಾಕುತ್ತಿದ್ದ ‘ತರಗು ಬೆಂಕಿ’ ನಿಂತಿತು. ಬೆಂಕಿ ನಿಂತದ್ದರಿಂದ ಲಂಟಾನದ ಪೊದೆ ಏರಿತು. ಪೊದೆ ಏರಿದಲ್ಲಿ ಹುಲ್ಲು ಅಡಗಿತು, ಎಳೆಯ ನೆಲ್ಲಿ ಸಸಿ ಮೇಲೇಳಲಿಲ್ಲ. ದೊಡ್ಡ ನೆಲ್ಲಿಮರಗಳನ್ನು ಬಂದಳಿಕೆ ಹಿಡಿಯಿತು ಎಂಬುದು ಅವರ ವಾದ. ವನವಿಜ್ಞಾನಿಗಳು ಈ ವಾದವನ್ನು ಗಂಭೀರವಾಗಿ ತೆಗೆದುಕೊಂಡು ಪರೀಕ್ಷಿಸತೊಡಗಿದ್ದಾರೆ. ಸಾಲಿನಲ್ಲಿ ಬರೆದ ವರದಿಯಲ್ಲಿ ಬೆಂಕಿ ಒಂದು ಅಧ್ಯಾಯ, ಲಂಟಾನ ಒಂದು ಅಧ್ಯಾಯ, ನೆಲ್ಲಿ ಮತ್ತೊಂದು ಅಧ್ಯಾಯವಾಗಿ ದೂರದೂರ ಉಳಿದುಬಿಡುತ್ತವೆ. ಹಲಗೆಯ ಮೇಲೆ ಆ ಮೂರು ಚೀಟಿಗಳ ನಡುವೆ ಮೂರು ಬಾಣ ಹಾಕಿದರೆ, ಯಾವ ಬಾಣ ನಿಜ, ಯಾವುದಕ್ಕೆ ಇನ್ನೂ ಸಾಕ್ಷಿ ಬೇಕು ಎಂದು ಕೇಳುವುದು ಸಾಧ್ಯವಾಗುತ್ತದೆ.

ಗುಂಡ್ಲುಪೇಟೆಯ ದಾರಿ

ಇನ್ನು ವಿದ್ಯಾರ್ಥಿಗೆ ಈ ಹಲಗೆಯಿಂದ ಏನು ಉಪಯೋಗ? ಅದಕ್ಕೂ ದೃಷ್ಟಾಂತ ಹತ್ತಿರದಲ್ಲಿಯೇ ಇದೆ. ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾಯ್ದು ಹೋಗುತ್ತವೆ. ಒಂದು ವಯನಾಡಿನ ಕಡೆಗೆ, ಮತ್ತೊಂದು ಊಟಿಯ ಕಡೆಗೆ. ಚಕ್ರಕ್ಕೆ ಸಿಕ್ಕಿ ವನ್ಯಮೃಗಗಳು ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಅಲ್ಲಿ ವಾಹನ ಸಂಚಾರವನ್ನು ನಿಲ್ಲಿಸಿದರು. 2010ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವಿವಾದ ಅಲ್ಲಿಗೆ ಮುಗಿಯದೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು.

ಈ ವಿಷಯವಾಗಿ ಪ್ರಬಂಧ ಬರೆಯಬೇಕಾದ ಗುಂಡ್ಲುಪೇಟೆಯ ಕಾಲೇಜು ಹುಡುಗನೊಬ್ಬನನ್ನು ಊಹಿಸಿಕೊಳ್ಳಬಹುದು. ನೋಟ್‌ಬುಕ್ ತೆರೆದರೆ ಅವನ ಕೈ ತಾನಾಗಿಯೇ ಹಾಳೆಯ ನಡುವೆ ಗೆರೆ ಎಳೆಯುತ್ತದೆ; ಎಡಕ್ಕೆ ‘ಪರ’, ಬಲಕ್ಕೆ ‘ವಿರೋಧ’. ಪ್ರಾಣಿಗಳ ಸಾವು ಎಡಕ್ಕೆ, ಕೇರಳಕ್ಕೆ ಹೋಗುವ ತರಕಾರಿ ಲಾರಿ ಬಲಕ್ಕೆ. ಗೆರೆ ಎಳೆದಾಗಲೇ ಪ್ರಬಂಧದ ಗತಿ ತೀರ್ಮಾನವಾಗಿಹೋಯಿತು. ಕೊನೆಯಲ್ಲಿ ‘ಸಮತೋಲನ ಸಾಧಿಸಬೇಕು’ ಎಂದು ಬರೆದು ಅವನು ಮೇಲೇಳುವುದು ಖಂಡಿತ.

ಅವನೇ ಹಲಗೆಯೊಂದನ್ನು ತೆರೆದು, ಮೊದಲು ಅದಕ್ಕೊಂದು ಚೌಕಟ್ಟು ಹಾಕಿ, ಚೌಕಟ್ಟಿನ ಮೇಲಂಚಿಗೆ ಇಪ್ಪತ್ತನಾಲ್ಕು ಗಂಟೆಗಳನ್ನು ಬರೆದನೆಂದುಕೊಳ್ಳಲಿ. ಈಗ ಒಂದೊಂದು ಚೀಟಿಯನ್ನೂ ಅದರ ಹೊತ್ತಿನ ಕೆಳಗೆ ಇಡಬೇಕು. ತೋಟದಿಂದ ತರಕಾರಿ ಬರುವ ಹೊತ್ತು, ಲಾರಿಗೆ ತುಂಬುವ ಹೊತ್ತು, ಗಡಿಯಾಚೆಯ ಪೇಟೆ ತೆರೆಯುವ ಹೊತ್ತು, ಪ್ರವಾಸಿಗಳು ಊಟಿಯಿಂದ ಮರಳುವ ಹೊತ್ತು, ಹೆರಿಗೆಯ ನೋವು ಬಂದ ಹೆಂಗಸನ್ನು ಆಸ್ಪತ್ರೆಗೆ ಒಯ್ಯಬೇಕಾದ ಹೊತ್ತು. ಎಷ್ಟೋ ಚೀಟಿಗಳು ಹಗಲಿನಲ್ಲಿಯೇ ಕುಳಿತುಬಿಡುತ್ತವೆ. ಅವುಗಳಿಗೂ ನಿಷೇಧಕ್ಕೂ ಜಗಳವೇ ಇಲ್ಲ. ಕೆಲವು ಚೀಟಿಗಳು ಸಂಜೆಯ ಅಂಚಿನಲ್ಲಿ ಗುಂಪುಗೂಡುತ್ತವೆ. ನಿಜವಾದ ಕಷ್ಟ ಇರುವುದು ಅಲ್ಲಿ. ಹೆರಿಗೆಯ ಚೀಟಿ ಯಾವ ಗಂಟೆಯ ಕೆಳಗೂ ನಿಲ್ಲುವುದಿಲ್ಲ. ತುರ್ತು ವಾಹನಗಳಿಗೆ ಆಜ್ಞೆಯಲ್ಲಿ ವಿನಾಯಿತಿ ಏಕಿದೆಯೆಂಬುದು ಆಗ ತಿಳಿಯುತ್ತದೆ. ಕೊನೆಗೆ ನಡುರಾತ್ರಿಯ ಕಡೆ ನೋಡಿದರೆ ಹಲಗೆ ಬೋಳಾಗಿದೆ. ಹುಡುಗನು ಬೆಳಗಿನ ಜಾವ ಮೂರು ಗಂಟೆಗೆ ಯಾರು ಆ ದಾರಿಯಲ್ಲಿರುತ್ತಾರೆಂದು ಯೋಚಿಸಿ ಆನೆಯ ಚೀಟಿಯನ್ನು ಇಡುತ್ತಾನೆ; ಪಕ್ಕದಲ್ಲಿ ಕಡವೆ, ಚಿರತೆ, ಕಾಡುಪಾಪ. ಅರ್ಜಿ ಬರೆಯಲಾರದವರ ಹೊತ್ತು ಅದು. ಅಧಿಕಾರಿಗಳ ಆಜ್ಞೆ ದಾರಿಯನ್ನು ಹಂಚಲಿಲ್ಲ, ಹೊತ್ತನ್ನು ಹಂಚಿತು ಎಂಬ ಮಾತು ಅವನಿಗೆ ಹೊಳೆದರೆ ಪ್ರಬಂಧಕ್ಕೆ ಮೊದಲ ವಾಕ್ಯ ದೊರೆತಂತೆಯೇ. ಆ ಹಂಚಿಕೆ ನ್ಯಾಯವಾದದ್ದೋ ಅಲ್ಲವೋ ಎಂಬುದನ್ನು ಅವನು ಈಗ ಚರ್ಚಿಸಬಲ್ಲನು. ಮೊದಲು ಅವನಿಗೆ ಎರಡು ಪಕ್ಷಗಳ ಕೂಗು ಮಾತ್ರ ಗೊತ್ತಿತ್ತು.

ಎಚ್ಚರದ ಮಾತುಗಳು

ಇಷ್ಟು ಹೇಳಿದ ಮೇಲೆ ಹಲಗೆಯ ದೋಷಗಳನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೊದಲನೆಯ ದೋಷ ಅದರ ಗುಣವೆಂದು ಪ್ರಚಾರ ಪಡೆದಿರುವ ಅನಂತತೆಯೇ. ಕೊನೆಯಿಲ್ಲದ ಬಯಲಿನಲ್ಲಿ ಎಲ್ಲೆಡೆಯೂ ಖಾಲಿಯಿರುವುದರಿಂದ ಯಾವ ಖಾಲಿ ಜಾಗಕ್ಕೂ ಅರ್ಥವಿರುವುದಿಲ್ಲ. ನಡುಮನೆಯ ನೆಲಕ್ಕೆ ನಾಲ್ಕು ಗೋಡೆಗಳಿದ್ದುದರಿಂದ, ದಾರಿಗಳು ಮೂರೇ ಇದ್ದುದರಿಂದ, ತೆರಕಣಾಂಬಿಯ ಬರಿದು ತಾಯಿಗೆ ಕಾಣಿಸಿತು. ಚದುರಂಗಕ್ಕೆ ಮನೆಗಳ ಎಣಿಕೆಯುಂಟು. ಸೋಲಿಗರ ಯೆಲ್ಲೆಗೆ ಐದು ತಾಣಗಳ ನಿಯಮವುಂಟು. ಹಾಗೆಯೇ ಹಲಗೆಯನ್ನು ತೆರೆದವನು ಒಂದು ಚೀಟಿಯನ್ನು ಬರೆಯುವುದಕ್ಕೆ ಮುಂಚೆ ತನ್ನ ಎಲ್ಲೆಯನ್ನು ತಾನೇ ಹಾಕಿಕೊಳ್ಳಬೇಕು: ಊರುಗಳೋ, ಗಂಟೆಗಳೋ, ವರ್ಷಗಳೋ, ಮನೆಯ ಮಂದಿಯೋ. ಆ್ಯಪ್ ಅದನ್ನು ಹಾಕಿಕೊಡಲಾರದು.

ಎರಡನೆಯದು ಬಾಣಗಳ ವಿಷಯ. ಗೆರೆ ಎಳೆಯುವುದು ಬಹಳ ಸುಲಭವಾದ್ದರಿಂದ ಎಲ್ಲಕ್ಕೂ ಎಲ್ಲದಕ್ಕೂ ನಂಟು ಹಾಕಿ, ಜೇಡರ ಬಲೆಯಂತಹ ಚಿತ್ರವನ್ನು ನೋಡಿ, ತಾನು ಬಹಳ ಯೋಚಿಸಿದೆನೆಂದು ಹಿಗ್ಗುವವರುಂಟು. ‘ಇದರಿಂದ ಅದು ಆಯಿತು’, ‘ಇದು ಅದಕ್ಕೆ ಅಡ್ಡಿ’, ‘ಇದು ಅದರ ಭಾಗ’ ಎಂದು ಬಾಣದ ಮೇಲೆ ಎರಡು ಮಾತು ಬರೆಯಲಾಗದಿದ್ದರೆ ಆ ಬಾಣವನ್ನು ಅಳಿಸುವುದೇ ಲೇಸು.

ಮೂರನೆಯದು ಸ್ವತ್ತಿನ ಪ್ರಶ್ನೆ. ಗೂಗಲ್ ಸಂಸ್ಥೆಯ ಜ್ಯಾಮ್‌ಬೋರ್ಡ್ ಎಂಬ ಹಲಗೆಯನ್ನು ಎಷ್ಟೋ ಶಾಲೆಗಳು ನೆಚ್ಚಿಕೊಂಡಿದ್ದವು. 2024ರ ಕೊನೆಗೆ ಅದು ಮುಚ್ಚಿತು. ಅವಧಿಯೊಳಗೆ ಬೇರೆಡೆಗೆ ಸಾಗಿಸಿಕೊಳ್ಳದವರ ಚೀಟಿಗಳು ಅಲ್ಲಿಗೆ ಮುಗಿದವು. ಬಾಡಿಗೆಯ ಮನೆಯ ಗೋಡೆಗೆ ವಂಶಾವಳಿ ಬರೆಸಿದಂತಾಯಿತು ಅವರ ಪಾಡು. ಆದುದರಿಂದ ಹಲಗೆಯನ್ನು ಆರಿಸುವಾಗ ಬಣ್ಣ ಬೆಡಗುಗಳಿಗಿಂತ ಮುಂಚೆ, ಬರೆದದ್ದು ತನ್ನ ಕಂಪ್ಯೂಟರಿನಲ್ಲಿಯೇ ಉಳಿಯುವುದೇ, ಬೇರೊಂದು ಆ್ಯಪ್ ಅದನ್ನು ಓದಬಲ್ಲುದೇ ಎಂದು ವಿಚಾರಿಸಬೇಕು. ಅಬ್ಸಿಡಿಯನ್ ತಯಾರಕರು ತಮ್ಮ ಹಲಗೆಯ ಕಡತದ ರೀತಿಯನ್ನು ‘ಜೇಸನ್ ಕ್ಯಾನ್ವಾಸ್’ ಎಂಬ ಹೆಸರಿನಲ್ಲಿ 2024ರ ಮಾರ್ಚಿಯಲ್ಲಿ ಎಲ್ಲರ ಉಪಯೋಗಕ್ಕೂ ಬಿಟ್ಟುಕೊಟ್ಟದ್ದು ಈ ದೃಷ್ಟಿಯಿಂದ ಒಳ್ಳೆಯ ನಡೆ.

ನಾಲ್ಕನೆಯದು, ಹಲಗೆ ಬರವಣಿಗೆಯ ಬದಲಿಯಲ್ಲ. ಗುಂಡ್ಲುಪೇಟೆಯ ಹುಡುಗ ಕೊನೆಗೆ ಪ್ರಬಂಧವನ್ನು ಸಾಲಿನಲ್ಲಿಯೇ ಬರೆಯಬೇಕು. ಸೋಲಿಗರ ಅರ್ಜಿಯೂ ಸಾಲಿನಲ್ಲಿಯೇ ಹೋಯಿತು. ಓದುವವನಿಗೆ ಒಂದಾದ ಮೇಲೊಂದು ಹೇಳಲೇಬೇಕು. ಏನನ್ನು ಮೊದಲು ಹೇಳಬೇಕೆಂದು ತಿಳಿಯುವುದಕ್ಕಾಗಿ ಹರವು. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಈ ಹರವು ದೊರೆಯದು. ಟ್ಯಾಬ್ಲೆಟ್ ಇಲ್ಲದ ಮನೆಯಲ್ಲಿ ಹಳೆಯ ಕ್ಯಾಲೆಂಡರ್, ಕತ್ತರಿ ಮತ್ತು ಗುಡಿಸಿದ ನೆಲ ಧಾರಾಳವಾಗಿ ಸಾಕಾಗುತ್ತವೆ.

ಆ ಮದುವೆಯ ಮನೆಯಲ್ಲಿ ಆಮೇಲೆ ನಡೆದದ್ದು ಇಷ್ಟೆ. ತಂದೆ ಬಹಳ ಹೊತ್ತು ನೆಲವನ್ನು ನೋಡುತ್ತ ಕುಳಿತಿದ್ದರು. ಚಿಕ್ಕವಳು ಒಂದು ಚೀಟಿಯನ್ನು ಕತ್ತರಿಸಿ ಅವರ ಮುಂದೆ ಇಟ್ಟಳು; ಏನನ್ನೂ ಹೇಳಲಿಲ್ಲ. ಅವರು ಪೆನ್ನು ತೆಗೆದು ತಂಗಿಯ ಹೆಸರನ್ನು ತಾವೇ ಬರೆದು, ತೆರಕಣಾಂಬಿಯ ಬರಿದಾದ ಎಡೆಯಲ್ಲಿಟ್ಟರು.

“ನಾಳೆ ನಂಜನಗೂಡು ಬೇಡ,” ಎಂದರು ತಾಯಿಯ ಕಡೆಗೆ ತಿರುಗಿ. “ಮೊದಲು ಅಲ್ಲಿಗೆ ಹೋಗಿ ಬರೋಣ. ನೀನೂ ಬಾ. ಕುಂಕುಮದ ಭರಣಿ ಮರೆಯಬೇಡ.”